ಅಂಚಿರುವ ತಟ್ಟೆ

ಹೋದ ತಿಂಗಳು ಒಂದೇ ವಾರದಲ್ಲಿ ನನಗೆ ಎರಡು ಫೋನ್ ಬಂದವು. ಮೊದಲನೆಯದು ಅಮೆರಿಕದಿಂದ, ನನ್ನ ಅಕ್ಕನ ಮಗಳದು. "ಚಿಕ್ಕಮ್ಮ, ಈ ಸಲ ರಜಕ್ಕೆ ಆರ್.ವಿ. ಬಾಡಿಗೆಗೆ ತಗೋತಾ ಇದ್ದೀವಿ. ಒಲೆ, ಫ್ರಿಜ್, ಸಿಂಕ್ ಎಲ್ಲಾ ಅದರಲ್ಲೇ ಇದೆ. ತಟ್ಟೆ ಲೋಟ ಮಾತ್ರ ನಾವೇ ತಗೊಂಡು ಹೋಗ್ಬೇಕು. ಜಾಸ್ತಿ ದುಡ್ಡು ಹಾಕೋಕೆ ಇಷ್ಟ ಇಲ್ಲ. ಏನು ತಗೊಳ್ಳಲಿ?" ಎಂದಳು. ಆರ್.ವಿ. ಎಂದರೇನೆಂದು ತಿಳಿಯದವರಿಗೆ ಹೇಳುತ್ತೇನೆ: ಒಂದು ಸಣ್ಣ ಮನೆಯನ್ನೇ ಚಕ್ರದ ಮೇಲೆ ಕೂರಿಸಿದಂಥ ಗಾಡಿ. ನಮ್ಮ ದೇಶದಲ್ಲೂ ಕೇರಳ ಸರ್ಕಾರ 2021ರಲ್ಲಿ ಇಂಥ ಗಾಡಿಗಳಿಗಾಗಿಯೇ ಒಂದು ಪ್ರವಾಸ ಯೋಜನೆ ಶುರು ಮಾಡಿತು.

ಎರಡನೆಯ ಫೋನ್ ನೋಯ್ಡಾದಿಂದ, ನಮ್ಮ ಸಂಘದ ಗೆಳತಿಯೊಬ್ಬರದು. ನಾಲ್ಕು ಮನೆಯವರು ಸೇರಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಬದರಿಗೆ ಹೊರಟಿದ್ದಾರಂತೆ. "ಅಕ್ಕಿ, ಬೇಳೆ, ಕುಕ್ಕರು, ಸಾರಿನ ಪುಡಿ ಎಲ್ಲಾ ಪಟ್ಟಿ ಮಾಡಿದ್ದಾಯ್ತು ಕಣ್ರೀ. ತಟ್ಟೆ ಏನು ಒಯ್ಯೋದು? ಬಿಸಾಡೋ ತಟ್ಟೆ ಸಾಕಲ್ವಾ?" ಎಂದು ಕೇಳಿದರು.

ಇಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ನಾನು ಅದನ್ನು ಯಾವ ಪುಸ್ತಕ ಓದಿಯೂ ಕಲಿತದ್ದಲ್ಲ, ನಮ್ಮ ಮಾವನವರನ್ನು ನಾಲ್ಕು ದಿನ ಅರೆಹೊಟ್ಟೆಯಲ್ಲಿಟ್ಟು ಕಲಿತದ್ದು.

ಅದು 2019ರ ಮೇ ತಿಂಗಳು. ಮೂರು ಮನೆಯವರು, ಒಟ್ಟು ಹನ್ನೆರಡು ಜನ, ದೆಹಲಿಯಿಂದ ಬದರಿಗೆ ಹೊರಟೆವು. ಋಷಿಕೇಶ ದಾಟಿದ ಮೇಲೆ ಬದರಿಗೆ ಇನ್ನೂ ಸುಮಾರು 300 ಕಿಲೋಮೀಟರ್ ಬೆಟ್ಟದ ದಾರಿ. ದಾರಿಯುದ್ದಕ್ಕೂ ಢಾಬಾಗಳಿವೆ, ನಿಜ. ಆದರೆ ಮೂರು ಹೊತ್ತೂ ಪರಾಠ ಮತ್ತು ಕೆಂಪಗೆ ಎಣ್ಣೆ ತೇಲುವ ದಾಲ್ ತಿನ್ನುವ ವಯಸ್ಸು ನಮ್ಮ ಹಿರಿಯರದ್ದಲ್ಲ. ಹಾಗಾಗಿ ದಿನಕ್ಕೆ ಒಂದು ಹೊತ್ತಾದರೂ ಅನ್ನ, ಸಾರು, ಮೊಸರು ನಾವೇ ಮಾಡಿಕೊಳ್ಳುವುದೆಂದು ತೀರ್ಮಾನವಾಯಿತು. ತಟ್ಟೆ ಲೋಟದ ಜವಾಬ್ದಾರಿ ನನ್ನದು. ಜಾಣತನ ಮಾಡಿದೆನೆಂದುಕೊಂಡು ನೂರು ಥರ್ಮೋಕೋಲ್ ತಟ್ಟೆಗಳ ಒಂದು ಕಟ್ಟು, ಕಾಗದದ ಲೋಟಗಳು, ಜೊತೆಗೆ ಹಿರಿಯರಿಗೆ ಮರ್ಯಾದೆಯಾಗಿರಲಿ ಎಂದು ನಮ್ಮ ಮನೆಯ ಶೋಕೇಸಿನಲ್ಲಿದ್ದ ಬಿಳಿ ಗಾಜಿನ ಡಿನ್ನರ್ ಸೆಟ್ಟಿನಿಂದ ಆರು ತಟ್ಟೆ, ಇಷ್ಟನ್ನು ಕಟ್ಟಿಕೊಂಡೆ. ಗಾಜಿನ ತಟ್ಟೆಗಳ ನಡುವೆ ಟವೆಲ್ಲನ್ನೂ ಇಟ್ಟಿದ್ದೆ. ಆದರೂ ದೇವಪ್ರಯಾಗ ತಲುಪಿ ಚೀಲ ಬಿಚ್ಚಿದಾಗ ಮೂರು ಒಡೆದಿದ್ದವು, ಒಂದರ ಅಂಚು ಹಾರಿತ್ತು. ಒಳ್ಳೆಯ ಗಾಜು ಒಡೆದರೆ ಎಷ್ಟು ಸಣ್ಣ ಚೂರಾಗುತ್ತದೆಂದು ಆವತ್ತು ಗೊತ್ತಾಯಿತು. ಅದೇ ಚೀಲದಲ್ಲಿದ್ದ ಹಪ್ಪಳವನ್ನೂ ಹಾಗೇ ಎಸೆಯಬೇಕಾಯಿತು.

ಸರಿ, ಎಲ್ಲರಿಗೂ ಥರ್ಮೋಕೋಲೇ ಗತಿ. ರುದ್ರಪ್ರಯಾಗದ ಹತ್ತಿರ ನದಿ ಕಾಣುವ ಕಡೆ ಗಾಡಿ ನಿಲ್ಲಿಸಿ ಅಡುಗೆ ಮಾಡಿ ಬಡಿಸಿದೆವು. ಕಣಿವೆಯ ಗಾಳಿಗೆ ಬರಿ ತಟ್ಟೆಯೇ ಹಾರುತ್ತದೆ. ಅನ್ನ ಹಾಕಿದ ಮೇಲೆ ಹಾರುವುದಿಲ್ಲವಾದರೂ ಮಡಿಲಲ್ಲಿಟ್ಟುಕೊಂಡರೆ ಬಾಗುತ್ತದೆ. ಬಿಸಿ ಸಾರು ಹಾಕಿದರೆ ಮುಗಿಯಿತು, ಯಾವ ಕಡೆಗೆ ಹರಿಯುತ್ತದೆಂದು ಅದಕ್ಕೇ ಗೊತ್ತಿಲ್ಲ. ನಾವು ಹೆಂಗಸರು ಮಕ್ಕಳು ನಗುನಗುತ್ತಾ ಹೇಗೋ ತಿಂದೆವು. ಮಾವನವರು ಎರಡು ತುತ್ತು ತಿಂದು, "ಸಾಕಮ್ಮಾ, ಯಾತ್ರೆಯಲ್ಲಿ ಹೊಟ್ಟೆ ಹಗುರವಾಗಿರಬೇಕು" ಎಂದು ಎದ್ದುಬಿಟ್ಟರು. ಅಲ್ಲಿಂದ ಮುಂದಕ್ಕೆ ಅವರದ್ದು ಬಾಳೆಹಣ್ಣು, ಬಿಸ್ಕತ್ತು, ಎರಡು ಹಿಡಿ ಅವಲಕ್ಕಿ. "ಎಪ್ಪತ್ತೊಂಬತ್ತು ವರ್ಷಕ್ಕೆ ಎಂಥ ನಿಷ್ಠೆ ನೋಡಿ!" ಎಂದು ನಾನೇ ಗಾಡಿಯಲ್ಲಿ ಎಲ್ಲರೆದುರು ಹೊಗಳಿದ್ದೆ. ಅವರು ಕಿಟಕಿಯ ಕಡೆ ತಿರುಗಿ ಕೂತಿದ್ದರು.

ವಾಪಸಾಗುವಾಗ ಋಷಿಕೇಶದ ಧರ್ಮಶಾಲೆಯೊಂದರ ಮುಂದೆ ಕರ್ನಾಟಕದ ನಂಬರಿನ ಯಾತ್ರೆಯ ಬಸ್ಸೊಂದು ನಿಂತಿತ್ತು. ಈ ಬಸ್ಸುಗಳನ್ನು ದೆಹಲಿಯ ನಾವೆಲ್ಲ ನೋಡಿಯೇ ಇರುತ್ತೇವೆ. ನಮ್ಮ ಹಳ್ಳಿಯವರು ಅಡುಗೆಯವರನ್ನೂ ಜೊತೆಗೆ ಕರೆದುಕೊಂಡು, ಟಾಪಿನ ಮೇಲೆ ಕೊಳದಪ್ಪಲೆಗಳನ್ನು ಹೇರಿಕೊಂಡು ಕಾಶಿ, ಹರಿದ್ವಾರ ಎಂದು ತಿಂಗಳುಗಟ್ಟಲೆ ತಿರುಗುತ್ತಾರೆ. ಅಮೆರಿಕದವರು ಆರ್.ವಿ. ಎಂದು ಕುಣಿದಾಡುವುದನ್ನು ನಮ್ಮ ಮಂಡ್ಯ, ಹಾಸನದ ರೈತರು ಎಂದೋ ಮಾಡಿ ಮುಗಿಸಿದ್ದಾರೆ! ಕನ್ನಡ ಕೇಳಿ ಮಾತಾಡಿಸಲು ಹೋದೆ. ಊಟದ ಹೊತ್ತು. ಪ್ರತಿಯೊಬ್ಬರೂ ತಮ್ಮ ತಮ್ಮ ಚೀಲದಿಂದ ಒಂದು ತಟ್ಟೆ, ಒಂದು ಲೋಟ ತೆಗೆದು ಸಾಲಾಗಿ ಕೂತರು. ಮನೆಯಿಂದ ಹೊರಡುವಾಗಲೇ "ತಟ್ಟೆ, ಲೋಟ, ಹೊದಿಕೆ ನಿಮ್ಮದೇ" ಎಂದು ಹೇಳಿರುತ್ತಾರಂತೆ. ತಟ್ಟೆಗಳೆಲ್ಲ ಎರಡು ಬೆರಳು ಎತ್ತರದ ಅಂಚಿದ್ದವು. ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸುತ್ತಿದ್ದ ಅಜ್ಜಿಯೊಬ್ಬರು ನನ್ನ ಕೈಯಲ್ಲಿದ್ದ ಥರ್ಮೋಕೋಲನ್ನು ನೋಡಿ, "ಏನವ್ವಾ, ಇದ್ರಾಗೆ ಸಾರು ಎಂಗೆ ನಿಲ್ತದೆ?" ಎಂದರು. ನಕ್ಕು ಬಂದುಬಿಟ್ಟೆ.

ಮನೆಗೆ ಬಂದು ಬಟ್ಟೆ ಒಗೆಯಲು ಹಾಕುವಾಗ ಮಾವನವರ ಚೀಲದ ತಳದಲ್ಲಿ ಒಂದು ಪಂಚೆ ಸುರುಟಿಕೊಂಡು ಕೂತಿತ್ತು. ಬಿಡಿಸಿದರೆ ಮಡಿಲಿನುದ್ದಕ್ಕೂ ಒಣಗಿದ ಸಾರಿನ ಹಳದಿ ಕಲೆ. ಯಾರಿಗೂ ಕಾಣದಂತೆ ಬದಲಾಯಿಸಿ ಮುಚ್ಚಿಟ್ಟಿದ್ದರು. ಅಜ್ಜಿಯ ಮಾತು ಆಗ ಅರ್ಥವಾಯಿತು. ಮಾವನವರ ಬಲಗೈಗೆ ನಡುಕ ಶುರುವಾಗಿ ವರ್ಷವಾಗಿತ್ತು. ಮನೆಯಲ್ಲಿ ಅತ್ತೆಯವರ ಕಾಲದ ಭಾರದ ಅಂಚಿನ ತಟ್ಟೆಯಲ್ಲಿ ಮೇಜಿನ ಮೇಲೆ ಉಣ್ಣುತ್ತಿದ್ದುದರಿಂದ ನಮಗೆ ಗೊತ್ತೇ ಆಗಿರಲಿಲ್ಲ. ನಮ್ಮ ಮನೆಯವರಿಗೆ ಪಂಚೆ ತೋರಿಸಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ನಾನು ಬಿ.ಎ.ಯಲ್ಲಿ ಓದಿದ ಜೇನ್ ಆಸ್ಟಿನ್‌ಳ 'ಎಮ್ಮಾ' ಕಾದಂಬರಿಯಲ್ಲೂ ಒಂದು ಪಿಕ್ನಿಕ್ ಬರುತ್ತದೆ. ಅಲ್ಲಿ ಎಲ್ಲರೆದುರು ಒಬ್ಬ ಬಡ ಹೆಂಗಸಿಗೆ ಮಾತಿನಿಂದ ಆಗುವ ಅವಮಾನ ನನಗಿನ್ನೂ ನೆನಪಿದೆ. ನಾನು ಆಡಿದ್ದು ಹೊಗಳಿಕೆಯ ಮಾತೇ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ತಟ್ಟೆಯ ವಿಷಯಕ್ಕೆ ಬರೋಣ. ದೆಹಲಿಯ ಅಂಗಡಿಗಳಲ್ಲಿ ಪ್ರವಾಸಕ್ಕೆಂದು ತೋರಿಸುವ ತಟ್ಟೆಗಳೆಲ್ಲ ರೋಟಿ-ಸಬ್ಜಿಯವರಿಗಾಗಿ ಮಾಡಿದವು. ಒಂದೋ ಚಪ್ಪಟೆ, ಇಲ್ಲವೇ ಮೂರು ನಾಲ್ಕು ಖಾನೆಯದು. ರೋಟಿಯನ್ನು ಖಾನೆಯಿಂದ ಖಾನೆಗೆ ಅದ್ದಿ ತಿನ್ನುವವರಿಗೆ ಅದು ಬಹಳ ಚೆನ್ನಾಗಿದೆ, ನಾನು ದೂರುವುದಿಲ್ಲ. ಆದರೆ ನಾವು ಅನ್ನದ ಮಧ್ಯೆ ಗುಣಿ ಮಾಡಿ, ಸಾರು ಹುಯ್ದು, ಕಲಸಿ, ಕೊನೆಗೆ ಮಜ್ಜಿಗೆ ಹಾಕಿ ಸುರಿಯುವ ಜನ. ಖಾನೆಯ ತಟ್ಟೆಯಲ್ಲಿ ಕಲಸಲು ಜಾಗವಿಲ್ಲ, ಚಪ್ಪಟೆ ತಟ್ಟೆಯಲ್ಲಿ ಸಾರು ನಿಲ್ಲುವುದಿಲ್ಲ. ಆದ್ದರಿಂದ ಯಾವ ವಸ್ತುವಿನಿಂದ ಮಾಡಿದ್ದಾದರೂ ಇರಲಿ, ಅಂಚು ಒಂದು ಅಂಗುಲಕ್ಕೆ ಕಡಿಮೆಯಿದ್ದರೆ ಮುಟ್ಟಬೇಡಿ. ಅಂಚಿರುವ ತಟ್ಟೆ ಇದ್ದರೆ ಬಟ್ಟಲುಗಳೂ ಬೇಡ. ಪಾಯಸ, ಮಜ್ಜಿಗೆಗೆ ಲೋಟವೇ ಆಯಿತು. ಹನ್ನೆರಡು ಜನಕ್ಕೆ ಇಪ್ಪತ್ತನಾಲ್ಕು ಬಟ್ಟಲು ಹೊರುವುದೂ ತಪ್ಪಿತು, ತೊಳೆಯುವುದೂ ತಪ್ಪಿತು.

ತೊಳೆಯುವುದೆಂದೆನಲ್ಲ, ಬೆಟ್ಟದಲ್ಲಿ ಕಷ್ಟ ಅದರದ್ದೇ. ಬದರಿ 3,100 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ಕುಕ್ಕರಿಲ್ಲದೆ ಬೇಳೆ ಬೇಯುವುದಿಲ್ಲ. ಮೇ ತಿಂಗಳಲ್ಲೂ ನಲ್ಲಿಯ ನೀರು ಕೈ ಕೊರೆಯುತ್ತದೆ, ತುಪ್ಪದ ಜಿಡ್ಡು ಆ ನೀರಿಗೆ ಬಿಡುವುದೇ ಇಲ್ಲ. ಅದಕ್ಕೆ ಮೊದಲು ಹಳೆಯ ಪೇಪರಿನಿಂದ ತಟ್ಟೆಯನ್ನು ಚೆನ್ನಾಗಿ ಒರೆಸಿ, ಆಮೇಲೆ ಕುಕ್ಕರ್ ತೊಳೆದ ಬಿಸಿನೀರಿನಲ್ಲಿ ಒಮ್ಮೆ ಅದ್ದಿ ತೊಳೆದು, ತಣ್ಣೀರಿನಲ್ಲಿ ಜಾಲಿಸಿದರೆ ಒಂದು ಚೊಂಬು ನೀರಿನಲ್ಲಿ ಎರಡು ತಟ್ಟೆ ಮುಗಿಯುತ್ತದೆ. ಒರೆಸಿದ ಪೇಪರನ್ನು ಅಲ್ಲೇ ಬಿಸಾಡದೆ ಚೀಲಕ್ಕೆ ಹಾಕಿಕೊಳ್ಳಿ.

"ಹಾಗಾದರೆ ಬಿಸಾಡುವ ತಟ್ಟೆಯೇ ಸುಖವಲ್ಲವೇ" ಎಂಬ ನೋಯ್ಡಾದ ಗೆಳತಿಗೆ ಉತ್ತರ: 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಾದ್ಯಂತ ನಿಷೇಧವಿದೆ, ಥರ್ಮೋಕೋಲೂ ಅದರಲ್ಲಿ ಬಂತು. ಕಾಗದದ ಲೋಟದ ಒಳಗೂ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಪದರವಿರುತ್ತದೆ. ಎಲೆಯ ತಟ್ಟೆ ಒಂದು ಹೊತ್ತಿಗೆ ಅಡ್ಡಿಯಿಲ್ಲ. ಐ.ಎನ್.ಎ. ಮಾರ್ಕೆಟ್ಟಿನಲ್ಲಿ ಬಾಳೆಲೆ ಸಿಗುತ್ತದೆ, ನಮ್ಮೂರಿನ ಮುತ್ತುಗದೆಲೆಯ ತಂಗಿಯಂಥ ಪತ್ತಲ್ ದೆಹಲಿಯಲ್ಲೂ ಇದೆ. ಹೊರಟ ದಿನದ ಮೊದಲ ಊಟಕ್ಕೆ, ನೆಲದ ಮೇಲೆ ಕೂರುವ ಜಾಗವಿದ್ದರೆ, ಅದಕ್ಕಿಂತ ಸೊಗಸು ಇನ್ನೊಂದಿಲ್ಲ. ಐದು ದಿನಕ್ಕೆ ಮಾತ್ರ ಒಯ್ಯಲಾಗದು. ಅಡಿಕೆ ಹಾಳೆಯ ತಟ್ಟೆ ಗಟ್ಟಿಯಾಗಿದೆ, ಅಂಚೂ ಇದೆ. ಆದರೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2025ರ ಮೇ ತಿಂಗಳಲ್ಲಿ, ಅಡಿಕೆಯಲ್ಲಿರುವ ರಾಸಾಯನಿಕ ಅಂಶಗಳು ಊಟಕ್ಕೆ ಇಳಿಯಬಹುದೆಂದು ಹೇಳಿ ಈ ತಟ್ಟೆಗಳನ್ನು ಅಲ್ಲಿ ಮಾರಬಾರದೆಂದಿತು. ತಲೆತಲಾಂತರದಿಂದ ಹಾಳೆಯಲ್ಲಿ ಉಂಡ ಮಲೆನಾಡಿನ ಓದುಗರು ನನ್ನ ಮೇಲೆ ಸಿಟ್ಟಾಗಬೇಡಿ, ಅಕ್ಕನ ಮಗಳು ಇರುವುದು ಆ ದೇಶದಲ್ಲಿ, ಅದಕ್ಕೇ ಹೇಳಿದೆ.

ಮೆಲಮೈನ್ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಆರ್.ವಿ.ಯವರಿಗೆ ಅಂಗಡಿಯವರು ಮೊದಲು ತೋರಿಸುವುದೇ ಅದನ್ನು. ಹಗುರ, ಬಣ್ಣಬಣ್ಣದ ಚಿತ್ತಾರ, ಬಿದ್ದರೂ ಸುಲಭಕ್ಕೆ ಒಡೆಯದು, ಬೆಲೆಯೂ ಹೆಚ್ಚಿಲ್ಲ. ಆದರೆ ಅದು ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡುವ ಒಂದು ಬಗೆಯ ರಾಳ. ಹೆಚ್ಚು ಬಿಸಿಯಾದಾಗ, ಅದರಲ್ಲೂ ಹುಳಿ ಪದಾರ್ಥ ಹಾಕಿದಾಗ, ಆ ಅಂಶಗಳು ಊಟಕ್ಕೆ ಬಿಡುತ್ತವೆ. 70 ಡಿಗ್ರಿಗಿಂತ ಬಿಸಿಯಾದದ್ದಕ್ಕೆ ಬಳಸಬೇಡಿ ಎಂದು ಜರ್ಮನಿಯ ಸರ್ಕಾರಿ ಸಂಸ್ಥೆಯೊಂದು ಹೇಳಿದೆ. ಮೈಕ್ರೋವೇವಿನಲ್ಲಂತೂ ಇಡಲೇಬಾರದು. ಯೋಚಿಸಿ ನೋಡಿ, ಒಲೆಯಿಂದ ಇಳಿಸಿದ ಹುಣಸೆಹುಳಿಯ ಸಾರು ಬಿಸಿಗೆ ಬಿಸಿ, ಹುಳಿಗೆ ಹುಳಿ! ಉಪ್ಪಿಟ್ಟು ಆರಿದ ಮೇಲೆ, ಚಪಾತಿ, ಮೊಸರನ್ನ, ಹಣ್ಣು ಇವಕ್ಕೆಲ್ಲ ಮೆಲಮೈನ್ ಇರಲಿ, ಸಾರಿಗೆ ಬೇಡ. "ಬಿದಿರಿನ ತಟ್ಟೆ" ಎಂದು ಪರಿಸರದ ಹೆಸರಿನಲ್ಲಿ ದುಬಾರಿಗೆ ಮಾರುವವುಗಳಲ್ಲೂ ಎಷ್ಟೋ ಸಲ ಬಿದಿರಿನ ಪುಡಿಯನ್ನು ಇದೇ ಮೆಲಮೈನ್ ರಾಳದಲ್ಲಿ ಅಂಟಿಸಿರುತ್ತಾರೆ.

ಮಿಕ್ಕವುಗಳ ಕಥೆ ಚಿಕ್ಕದು. ಮಾಮೂಲಿ ಪ್ಲಾಸ್ಟಿಕ್ಕಿಗೆ ಅರಿಶಿನ ಹಿಡಿದರೆ ಬಿಡುವುದಿಲ್ಲ. ಅಲ್ಯೂಮಿನಿಯಂ ಹಗುರ, ಆದರೆ ಹುಳಿಗೆ ಆಗದು. ಹಿತ್ತಾಳೆ ಭಾರ, ಕಲಾಯಿಯೂ ಬೇಕು. ಖುರ್ಜಾದ ಪಿಂಗಾಣಿ ನಮ್ಮ ಊರಿಗೆ ಹತ್ತಿರ, ನೋಡಲು ಎರಡು ಕಣ್ಣು ಸಾಲದು, ಅದು ಶೋಕೇಸಿನಲ್ಲಿರಲಿ. ಕೊರೆಲ್‌ನಂಥ ತೆಳು ಗಾಜು ತೂಕದಲ್ಲಿ ಕಡಿಮೆಯೇ, ನುಣುಪಾದ ರಸ್ತೆಯಲ್ಲಿ ಕಪಾಟಿನೊಳಗೆ ಬಿಗಿಯಾಗಿಟ್ಟು ಹೋಗುವ ಅಮೆರಿಕದವರಿಗೆ ನಡೆದೀತು. ದೇವಪ್ರಯಾಗದ ಹಪ್ಪಳ ಕಂಡ ನನ್ನಿಂದ ಅದಕ್ಕೆ ಶಿಫಾರಸು ಸಿಗುವುದಿಲ್ಲ.

ಕೊನೆಗೆ ಉಳಿಯಿತು ನಮ್ಮ ಸ್ಟೀಲು. 2022ರ ಸೆಪ್ಟೆಂಬರಿನಲ್ಲಿ, ಎರಡನೆಯ ಸಲ ಬದರಿಗೆ ಹೊರಡುವ ಮುಂಚೆ, ನಾನೂ ನಮ್ಮ ಮನೆಯವರೂ ಸದರ್ ಬಜಾರಿನ ಡೆಪ್ಯೂಟಿ ಗಂಜ್‌ಗೆ ಹೋದೆವು. ಸ್ಟೀಲ್ ಪಾತ್ರೆಗಳ ಸಗಟು ವ್ಯಾಪಾರದ ಗಲ್ಲಿಗಳು ಅವು. ಕಾಲಿಡಲು ಜಾಗವಿರುವುದಿಲ್ಲ, ಭಾನುವಾರ ಬಿಟ್ಟು ಬೇರೆ ದಿನ ಬೆಳಿಗ್ಗೆಯೇ ಹೋಗಿ. ಕೆಲವು ಅಂಗಡಿಗಳಲ್ಲಿ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ನನ್ನ ಕೈಯಲ್ಲಿ ಅಯಸ್ಕಾಂತ ನೋಡಿ ಅಂಗಡಿಯವನಿಗೆ ನಗು. ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯ ಸ್ಟೀಲ್ ಎಂದು ನಾವೆಲ್ಲ ನಂಬಿದ್ದೇವಲ್ಲ, ಅದು ಅರ್ಧ ಸತ್ಯ. 304 ಎಂಬ ಒಳ್ಳೆಯ ದರ್ಜೆಯಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. 202 ಎಂಬ ಅಗ್ಗದ ದರ್ಜೆಯಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಎರಡಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲ! ಒಳ್ಳೆಯ 304ರ ತಟ್ಟೆಗೂ ಬಗ್ಗಿಸಿದ ಅಂಚಿನಲ್ಲಿ ಕೊಂಚ ಹಿಡಿದೀತು. ಹಾಗಾಗಿ ಮೇಲೆ ಅಚ್ಚೊತ್ತಿದ ದರ್ಜೆ ನೋಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. 2024ರಲ್ಲಿ ಕೇಂದ್ರ ಸರ್ಕಾರ ಸ್ಟೀಲ್ ಪಾತ್ರೆಗಳಿಗೂ ಐ.ಎಸ್.ಐ. ಗುರುತು ಕಡ್ಡಾಯ ಮಾಡುವ ಆದೇಶ ಹೊರಡಿಸಿತು, ಈಗ ಕೊಳ್ಳುವವರು ಅದನ್ನೂ ಹುಡುಕಿ.

ಒಂಬತ್ತು ಅಂಗುಲದ ತಟ್ಟೆ, ಒಂದೊಂದೂ ಹೆಚ್ಚುಕಡಿಮೆ 250 ಗ್ರಾಂ. ಹನ್ನೊಂದು ತಟ್ಟೆಗೆ ಮೂರು ಕಿಲೋ ಆಗಲಿಲ್ಲ, ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯಿತು. ಅಂಚು ಸ್ವಲ್ಪ ಹೊರಕ್ಕೆ ವಾಲಿರಬೇಕು, ಆಗ ಒಂದರೊಳಗೊಂದು ಕೂರುತ್ತವೆ. ನೆಟ್ಟಗಿದ್ದರೆ ಬಿಸಿಲಿಗೆ ಸಿಕ್ಕಿಹಾಕಿಕೊಂಡು ಇಬ್ಬರು ಎಳೆದರೂ ಬರುವುದಿಲ್ಲ. ಅಂಚಿನ ಸುರುಳಿ ಪೂರ್ತಿ ಮುಚ್ಚಿದೆಯೇ ಎಂದು ಬೆರಳಾಡಿಸಿ ನೋಡಿ, ಬಿರುಕಿದ್ದರೆ ಕೊಳೆ ಸೇರುತ್ತದೆ, ತುಟಿಗೂ ಕೈಗೂ ಕೊಯ್ಯುತ್ತದೆ. ಸ್ಟೀಲಿನ ದೊಡ್ಡ ದೋಷ ಬೇಗ ಬಿಸಿಯಾಗುವುದು. ಮಡಿಲಿಗೆ ಒಂದು ಮಡಿಸಿದ ಟವೆಲ್ ಹಾಕಿಕೊಂಡರೆ ಆಯಿತು, ಅದೇ ಟವೆಲ್ ಕಟ್ಟುವಾಗ ತಟ್ಟೆಗಳ ನಡುವೆ ಹೋಗುತ್ತದೆ, ಗಲಗಲ ಸದ್ದೂ ಇರುವುದಿಲ್ಲ. ಲೋಟಕ್ಕೂ ನಮ್ಮೂರಿನ ಕಾಫಿ ಲೋಟದ ಹಾಗೆ ಹೊರಕ್ಕೆ ಬಾಗಿದ ಕಂಠ ಇರಲಿ, ಎರಡು ಬೆರಳಿನಲ್ಲಿ ಹಿಡಿಯಬಹುದು.

ಹನ್ನೊಂದು ಎಂದೆನಲ್ಲ, ಹನ್ನೆರಡನೆಯದು ಬೇರೆ. ನಡುಗುವ ಕೈಗೆ ವಾಲಿದ ಅಂಚು ಸಾಲದು. ಅನ್ನವನ್ನು ದೂಡಿದರೆ ಅದು ಗೋಡೆಗೆ ತಾಗಿ ತಾನಾಗಿ ಬೆರಳಿಗೆ ಬರಬೇಕು. ಅದಕ್ಕೆ ಅಂಚು ನೆಟ್ಟಗಿರಬೇಕು, ತಟ್ಟೆ ಜರುಗದಷ್ಟು ಭಾರವಿರಬೇಕು. ಅಂಥದ್ದನ್ನು ಹುಡುಕಲು ಇನ್ನೂ ಆರು ಅಂಗಡಿ ಹತ್ತಿ ಇಳಿದೆವು. ಸಿಕ್ಕಿದ್ದು ಅರ್ಧ ಕಿಲೋ ಮೇಲೆ ತೂಗುವ ಒಂದು ಹಳೇ ಮಾದರಿಯ ತಟ್ಟೆ, ಅಂಗಡಿಯ ಅಟ್ಟದ ಮೇಲಿತ್ತು. ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಎಲ್ಲಿಟ್ಟರೂ ಕದಲದು.

ಎಲ್ಲ ತಟ್ಟೆಗೂ ಹೆಸರು ಹಾಕಿಸಿದೆ. ಊರಿನಲ್ಲಿ ಮದುವೆಗೆ ಕೊಡುವ ಪಾತ್ರೆಗೆಲ್ಲ ಹೆಸರು ಕೊರೆಸುತ್ತಿದ್ದ ನೆನಪು. ಇದರಿಂದ ಒಂದು ಲಾಭವೆಂದರೆ ಅವರವರ ತಟ್ಟೆ ಅವರವರೇ ತೊಳೆಯಬೇಕು, ಗಂಡಸರೂ ತಪ್ಪಿಸಿಕೊಳ್ಳುವಂತಿಲ್ಲ! ಮಾವನವರ ಹೆಸರು ಮಾತ್ರ ಕನ್ನಡದಲ್ಲೇ ಇರಲೆಂದು ಚೀಟಿಯಲ್ಲಿ ಬರೆದುಕೊಟ್ಟೆ. ಕೊರೆಯುವ ಹುಡುಗ ಚಿತ್ರ ನೋಡಿ ಬಿಡಿಸಿದ ಹಾಗೆ ಬಿಡಿಸಿದ, ಒಂದು ಕೊಂಬು ಬಿಟ್ಟುಹೋಯಿತು. ಮಾವನವರು ಕನ್ನಡಕ ಹಾಕಿಕೊಂಡು ನೋಡಿ, "ಪರವಾಗಿಲ್ಲ, ನನ್ನನ್ನು ಮೇಷ್ಟ್ರು ಹೀಗೇ ಕರೀತಿದ್ದರು" ಎಂದರು.

ಅಕ್ಟೋಬರಿನಲ್ಲಿ ಅದೇ ಹಾದಿ, ಅದೇ ರುದ್ರಪ್ರಯಾಗ. ಅಂದ ಹಾಗೆ, ಒಲೆಯನ್ನು ಗಾಡಿಯ ಒಳಗೆ ಯಾವ ಕಾರಣಕ್ಕೂ ಹಚ್ಚಬೇಡಿ, ಮಳೆ ಬಂದರೂ ಸರಿ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯಲ್ಲಿ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ಹೋದರು. ನಾವು ಹೊರಗೆ ಬಂಡೆಯ ಮರೆಯಲ್ಲಿ ಒಲೆ ಹೂಡಿ ಅನ್ನ, ಟೊಮೇಟೊ ಸಾರು ಮಾಡಿದೆವು. ಮಾವನವರ ತಟ್ಟೆಯನ್ನು ಮಡಿಸುವ ಸ್ಟೂಲಿನ ಮೇಲೆ ಒದ್ದೆ ಬಟ್ಟೆ ಹಾಸಿ ಇಟ್ಟೆ. ನಾನು ಬೇಕೆಂದೇ ಆ ಕಡೆ ನೋಡಲಿಲ್ಲ, ಮಕ್ಕಳಿಗೆ ಬಡಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ, "ಏನಮ್ಮಾ, ಸಾರು ಅಷ್ಟೇನಾ ಮಾಡಿರೋದು?" ಎಂದು ಕೇಳಿಸಿತು. ಸೌಟು ಹಿಡಿದುಕೊಂಡು ಓಡಿದೆ.

ಅಕ್ಕನ ಮಗಳು ಅಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಅಂಚಿನ ಸ್ಟೀಲ್ ತಟ್ಟೆ ನಾಲ್ಕು ಕೊಂಡಳಂತೆ, ಫೋಟೋ ಕಳಿಸಿದ್ದಾಳೆ. ನೋಯ್ಡಾದ ಗೆಳತಿಗೆ ನಮ್ಮ ತಟ್ಟೆಗಳನ್ನೇ ಕೊಡುತ್ತಿದ್ದೇನೆ. ಸಂಘದ ಬೇರೆ ಯಾರಾದರೂ ಹೊರಡುವುದಿದ್ದರೆ ಒಂದು ವಾರ ಮುಂಚೆ ತಿಳಿಸಿ. ತಟ್ಟೆಗಳ ಮೇಲೆ ನಮ್ಮವರ ಹೆಸರುಗಳಿವೆ, ಅದನ್ನು ನೋಡಿ ಸಂಕೋಚ ಬೇಡ. ಚೀಲದಲ್ಲಿ ಹನ್ನೆರಡು ಲೋಟ, ಹನ್ನೊಂದು ತಟ್ಟೆ ಇರುತ್ತವೆ. ಒಂದು ಕಡಿಮೆಯಾಯಿತೆಂದು ಗಾಬರಿಯಾಗಬೇಡಿ, ಮಾವನವರು ಈಗ ಮನೆಯಲ್ಲೂ ಅದರಲ್ಲೇ ಉಣ್ಣುತ್ತಾರೆ.